ಮೋಟಾರು ಓಡುತ್ತಿದೆ, ವಿದ್ಯುತ್ ಮಾತ್ರ ಸೊನ್ನೆ: ಹಾಸ್ಟೆಲ್ ಮೀಟರಿನ ಏಳನೇ ಟಿಪ್ಪಣಿ

ಸಿಕ್ಕಿತು! ನನ್ನ ಮೀಟರು ವಿದ್ಯುತ್ ಬಳಕೆಯನ್ನು ಕಡಿಮೆ ತೋರಿಸಿ ಹನ್ನೊಂದು ವಾರ ನಿದ್ದೆ ಕೆಡಿಸಿದ ತಪ್ಪು ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ, ಲೇಡೀಸ್ ಹಾಸ್ಟೆಲ್ಲಿನ ಎರಡನೇ ಬ್ಲಾಕಿನ ಪ್ಯಾನೆಲ್ ಮುಂದೆ ಸಿಕ್ಕಿಬಿತ್ತು. ಇದೊಂದನ್ನು ಉದ್ದವಾಗಿಯೇ ಬರೆಯುತ್ತೇನೆ. ಹಳೇ ಮೂರು ಫೇಸಿನ ಪ್ಯಾನೆಲ್ಲಿಗೆ ಸಿ.ಟಿ. (ವೈರಿನ ಸುತ್ತ ಕೂತು ಕರೆಂಟು ಅಳೆಯುವ ಬಳೆಯಂಥ ಸಾಧನ) ಹಾಕುವ ಯಾರಿಗಾದರೂ ಇದೇ ಗುಂಡಿ ಕಾದಿರುತ್ತದೆ.

ಕ್ಯಾಂಪಸ್ಸಿನ ಒಂದೊಂದು ಕಟ್ಟಡದ ವಿದ್ಯುತ್ ಬಳಕೆ ಅಳೆಯುವ ಬಾಕಿ ಕೆಲಸ ಮಾಮೂಲು. ಒಂಬತ್ತು ಕಟ್ಟಡ, ಒಂಬತ್ತು ಡಬ್ಬಿ, ಒಂದೊಂದರಲ್ಲೂ ಇಎಸ್‌ಪಿ32 ಎಂಬ ಒಂದು ಪುಟ್ಟ ವೈಫೈ ಚಿಪ್ಪು, ಮೂರು ಮೀಟರ್ ಮಾಡ್ಯೂಲ್, ಮೂರು ಕ್ಲಿಪ್ ಸಿ.ಟಿ. ವೈಫೈ, ಗ್ರಾಫ್, ಎಲ್ಲ ಮೊದಲಿನಂತೆಯೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ನೂರು ಆಂಪಿಯರಿನ ಸಿ.ಟಿ. ಕೇಳಿದರೆ, ನೂರು ಎಂದು ಸ್ಟಿಕ್ಕರ್ ಅಂಟಿಸಿದ ಐವತ್ತರದ್ದನ್ನು ಕೊಟ್ಟರು. ವಾಪಸ್ ಒಯ್ದರೆ ‘ಮಾಲು ಹಾಗೇ ಬರ್ತಿದೆ ಮೇಡಂ, ಎರಡರಿಂದ ಗುಣಿಸಿಕೊಳ್ಳಿ’ ಎಂದರು! ಗುಣಿಸಿದರೆ ಒಳಗಿನ ಕಾಂತೀಯ ಕೋರ್ ಸ್ಯಾಚುರೇಟ್ ಆಗಿ ತಪ್ಪು ಅಳೆಯುವುದು ನಿಲ್ಲುತ್ತದೆಯೇ? ಟೌನ್ ಹಾಲಿನಿಂದ ಮೂರು ಸಲ ನಡೆದುಹೋಗಿ ಬದಲಾಯಿಸಿಕೊಂಡು ಬಂದೆ.

ಈ ಡಬ್ಬಿಗಳು ಯಾಕೆ ಬೇಕು ಎನ್ನುವುದನ್ನು ಒಮ್ಮೆ ಹೇಳಿಬಿಡುತ್ತೇನೆ. ನಮ್ಮ ವಿಶ್ವವಿದ್ಯಾಲಯಕ್ಕೆ ಇರುವುದು ಒಂದೇ 11 ಕೆವಿ ಸಂಪರ್ಕ, ಒಂದೇ ಮೀಟರು, ತಿಂಗಳಿಗೊಂದು ಬಿಲ್ಲು. ಇಂಗಾಲ ಕಡಿಮೆ ಮಾಡುತ್ತೇವೆ ಎಂದು ಸಮಿತಿಯೇನೋ ಆಗಿದೆ. ಆದರೆ ಯಾವ ಕಟ್ಟಡ ಎಷ್ಟು ನುಂಗುತ್ತದೆ ಎಂಬುದು ಆ ಒಂದು ಬಿಲ್ಲಿನಿಂದ ತಿಳಿಯುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಗುಣಿಸಲು ಆ ಸಂಖ್ಯೆ ಎಲ್ಲರ ಹತ್ತಿರವೂ ಇದೆ. ಏನನ್ನು ಗುಣಿಸಬೇಕು ಎನ್ನುವುದೇ ಇರಲಿಲ್ಲ.

ಈಗ ಹಟಮಾರಿ ಕಥೆಗೆ ಬರುತ್ತೇನೆ. ಒಂದನೇ ಬ್ಲಾಕು, ಎರಡನೇ ಬ್ಲಾಕು ಅವಳಿ ಕಟ್ಟಡಗಳು. ತಲಾ 96 ಕೋಣೆ, ಒಂದೇ ನಕ್ಷೆ. ಬೇಸಿಗೆ ರಜೆಯಲ್ಲಿ ಎರಡನೆಯದಕ್ಕೆ ಮಾತ್ರ ಹಳೇ ಫ್ಯಾನು ತೆಗೆದು ಕಡಿಮೆ ವಿದ್ಯುತ್ ನುಂಗುವ ಬಿಎಲ್‌ಡಿಸಿ ಫ್ಯಾನು ಹಾಕಿಸಿದರು. ನನ್ನ ಡಬ್ಬಿಗಳು ಬಂದದ್ದು ಅದಾದ ಮೇಲೆ. ಒಂದನೇ ಬ್ಲಾಕು ದಿನಕ್ಕೆ ಸರಾಸರಿ 190 ಯೂನಿಟ್ ತೋರಿಸಿತು, ಎರಡನೆಯದು 94. ಅರ್ಧಕ್ಕರ್ಧ! ಹುಡುಗಿಯರು ಮೆಟ್ಟಿಲ ಹತ್ತಿರದ ಬೋರ್ಡಿನಲ್ಲಿ 94 ಎಂದು ದೊಡ್ಡದಾಗಿ ಬರೆದು ಸುತ್ತ ರಂಗೋಲಿ ಎಳೆ ಬಿಟ್ಟರು. ಸಮಿತಿಯಲ್ಲಿ ‘ಫ್ಯಾನು ಬದಲಿಸಿದರೆ ಅರ್ಧ ಉಳಿತಾಯ’ ಎಂಬ ಮಾತು ಓಡಾಡಿತು. ಅದರ ಆಧಾರದ ಮೇಲೆ ಮುಂದಿನ ವರ್ಷದ ದುಡ್ಡನ್ನೆಲ್ಲ ಫ್ಯಾನಿಗೇ ಹಾಕುವ ಟಿಪ್ಪಣಿಯೂ ತಯಾರಾಯಿತು.

ನನಗೆ ಅದು ಗಂಟಲಿಗೆ ಇಳಿಯಲಿಲ್ಲ. ಹಳೇ ಫ್ಯಾನು 75 ವ್ಯಾಟ್, ಹೊಸದು ಸುಮಾರು 30. ಉಳಿಯುವುದು 45. 96 ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೂ 43 ಯೂನಿಟ್. ಆದರೆ ಡಬ್ಬಿ ಹೇಳುತ್ತಿದ್ದದ್ದು 96. ಬಾಕಿ 53 ಯೂನಿಟ್ ಎಲ್ಲಿ ಹೋಯಿತು?

ಒಂಬತ್ತೂ ಡಬ್ಬಿಯ ಮೊತ್ತ ಆ 11 ಕೆವಿ ಸಂಪರ್ಕದ ಎಚ್.ಟಿ. ಮೀಟರಿಗಿಂತ ಸ್ವಲ್ಪ ಕಡಿಮೆ ಬರುತ್ತಿತ್ತು. ಅದನ್ನು ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ನಷ್ಟದ ಖಾತೆಗೆ ಬರೆದು ಮುಂದೆ ಹೋಗಿದ್ದೆ. ಸಿ.ಟಿ. ಬದಲಾಯಿಸಿದೆ, ಮಾಡ್ಯೂಲ್ ಬದಲಾಯಿಸಿದೆ, ಒಂದನೇ ಬ್ಲಾಕಿನ ಡಬ್ಬಿಯನ್ನೇ ಎತ್ತಿ ತಂದು ಇಲ್ಲಿ ಕೂರಿಸಿದೆ. ಮತ್ತೆ 94ರ ಆಸುಪಾಸು. ಕ್ಲಾಂಪ್ ಮೀಟರ್ ಹಿಡಿದು ನೋಡಿದರೆ ಆಂಪಿಯರ್ ಕರಾರುವಾಕ್ಕು, ವೋಲ್ಟ್ ಕರಾರುವಾಕ್ಕು. ಎರಡೂ ಸರಿಯಿದ್ದು ವ್ಯಾಟ್ ತಪ್ಪುವುದು ಹೇಗೆ ಎಂದು ಹನ್ನೊಂದು ವಾರ ತಲೆ ಕೆರೆದುಕೊಂಡೆ.

ಶನಿವಾರ ಬೆಳಿಗ್ಗೆ ಹೋದದ್ದು ಪಂಪಿಗೋಸ್ಕರ. ಆ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿಗೆ ಒಂದೂವರೆ ಎಚ್.ಪಿ.ಯ ಸಿಂಗಲ್ ಫೇಸ್ ಮೋಟಾರು, ಐದೂವರೆಗೆ ಹಾಕುತ್ತಾರೆ. ಪ್ಯಾನೆಲ್ ಬಾಗಿಲು ತೆರೆದು ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತಿದ್ದರು, ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಮೆಟ್ಟಿಲ ಮೇಲೆ. ಮೋಟಾರು ಗುರ್ ಎಂದಿತು. ಆರ್ (ಕೆಂಪು), ವೈ (ಹಳದಿ), ಬಿ (ನೀಲಿ) ಎಂಬ ಮೂರು ಫೇಸುಗಳಲ್ಲಿ ಆರ್ ಫೇಸಿನ ಆಂಪಿಯರ್ ಒಮ್ಮೆಲೇ ಎಂಟು ಏರಿತು. ವ್ಯಾಟ್? ಬರೀ 19 ಏರಿತು. ಎಂಟು ಆಂಪಿಯರ್ ಎಳೆಯುವ ಮೋಟಾರು ಹತ್ತೊಂಬತ್ತು ವ್ಯಾಟಿನಲ್ಲಿ ನಾಲ್ಕನೇ ಮಹಡಿಗೆ ನೀರು ಹತ್ತಿಸುತ್ತಿದೆ!

ಅಷ್ಟರಲ್ಲಿ ಯಾರೋ ಎದ್ದು ಗೀಸರ್ ಹಾಕಿದರು. 2000 ವ್ಯಾಟಿನ ಗೀಸರು, 8.7 ಆಂಪಿಯರ್. ಪರದೆಯ ಮೇಲೆ ಏರಿದ್ದು ಸಾವಿರ ವ್ಯಾಟ್. ಪಂಪು ನಿಂತು ಗೀಸರೊಂದೇ ಉಳಿದಾಗ ಪವರ್ ಫ್ಯಾಕ್ಟರ್ ಅರ್ಧದ ಹತ್ತಿರ. ಪವರ್ ಫ್ಯಾಕ್ಟರ್ ಎಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದರಲ್ಲಿ ನಿಜವಾದ ವ್ಯಾಟಿನ ಪಾಲು, ಅಂದರೆ ಎರಡರ ಅಲೆಗಳ ನಡುವಿನ ಕೋನದ ಕೊಸೈನ್. ಗೀಸರಿನ ಒಳಗಿರುವುದು ಬರೀ ಕಾಯಿಲ್, ಪವರ್ ಫ್ಯಾಕ್ಟರ್ ಒಂದಕ್ಕೆ ಅಂಟಿಕೊಂಡಿರಬೇಕು. ಅರ್ಧ ಅಂದರೆ 60 ಡಿಗ್ರಿಯ ಕೊಸೈನ್. ಇಲ್ಲವೇ 120 ಡಿಗ್ರಿಯ ಕೊಸೈನ್, ಮೈನಸ್ ಅರ್ಧ. ನನ್ನ ಮಾಡ್ಯೂಲ್ ದಿಕ್ಕು ನೋಡುವುದಿಲ್ಲ, ಮೈನಸ್ಸನ್ನೂ ಪ್ಲಸ್ಸಾಗಿಯೇ ಬರೆಯುತ್ತದೆ. ಮೂರು ಫೇಸುಗಳ ಅಲೆಗಳು ಒಂದರಿಂದೊಂದು 120 ಡಿಗ್ರಿ ದೂರದಲ್ಲಿರುತ್ತವೆ. ಆ 120 ಎಂಬ ಸಂಖ್ಯೆ ಮನಸ್ಸಿಗೆ ಬಂದ ಕೂಡಲೇ ಎದ್ದು ನಿಂತುಬಿಟ್ಟೆ.

ಒಂದು ಫೇಸಿನ ವೋಲ್ಟೇಜನ್ನು ಇನ್ನೊಂದು ಫೇಸಿನ ಕರೆಂಟಿನ ಜೊತೆ ಗುಣಿಸುತ್ತಿದ್ದೇನೆ! ಲೆಕ್ಕ ಹಾಕಿ ನೋಡಿ. ಆರ್ ವೋಲ್ಟೇಜಿಗೆ ಬಿ ಕರೆಂಟು ಸಿಕ್ಕರೆ ಗೀಸರು ಸರಿಯಾಗಿ ಅರ್ಧ ತೋರಿಸುತ್ತದೆ. ಪಂಪಿನ ಕರೆಂಟು ಹೇಗೂ ತನ್ನ ವೋಲ್ಟೇಜಿಗಿಂತ ಸುಮಾರು 30 ಡಿಗ್ರಿ ಹಿಂದೆ ಇರುತ್ತದೆ. 120ರಲ್ಲಿ 30 ಕಳೆದರೆ 90, ಅದರ ಕೊಸೈನ್ ಸೊನ್ನೆ. ಪಂಪು ಮಾಯ. ಅದೇ ಬಿ ವೋಲ್ಟೇಜಿಗೆ ಆರ್ ಕರೆಂಟು ಸಿಕ್ಕರೆ 120ಕ್ಕೆ 30 ಸೇರಿ 150 ಆಗುತ್ತದೆ, ಮೋಟಾರಿನ ಲೆಕ್ಕ ಚಿಹ್ನೆ ಬಿಟ್ಟರೆ ಪಕ್ಕಾ ಸರಿ ಬರುತ್ತದೆ! ಹಾಗಾಗಿಯೇ ಬಿ ಫೇಸನ್ನು ಮಿಕ್ಸಿಯಿಂದ ಪರೀಕ್ಷಿಸಿದ ದಿನ ಎಲ್ಲ ಸರಿಯಿದೆ ಎನ್ನಿಸಿತ್ತು. ವೈ ಫೇಸು ಮಾತ್ರ ಮೊದಲಿನಿಂದಲೂ ನಿಜ ಹೇಳುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಒಂದೇ ಪರೀಕ್ಷೆ ಸಾಕಾಯಿತು. ನಾನು ವೋಲ್ಟೇಜ್ ಎಳೆದಿದ್ದು ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿಗಿಂತ ಮೊದಲಿನ ಟರ್ಮಿನಲ್ಲಿನಿಂದ, ಸಿ.ಟಿ. ಕೂತಿರುವುದು ಅದರ ನಂತರ. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನ ಒಂದು ಮೊನೆಯನ್ನು ಮೇಲಿನ ಕೆಂಪಿಗೆ, ಇನ್ನೊಂದನ್ನು ಕೆಳಗಿನ ಕೆಂಪಿಗೆ ಇಟ್ಟರು. ಒಂದೇ ಫೇಸಾದರೆ ಸೊನ್ನೆ ಬರಬೇಕು. 408 ವೋಲ್ಟ್ ಬಂತು. ಅವರು ಸಪ್ಲೈ ತೆಗೆದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಳಗಿನ ವೈರಿಗೆ ಸುತ್ತಿದ್ದ ಕೆಂಪು ಟೇಪನ್ನು ಉಗುರಿನಿಂದ ಕೆರೆದರು. ಬಿಸಿಗೆ ಒಣಗಿದ ಟೇಪು ಈರುಳ್ಳಿ ಸಿಪ್ಪೆಯ ಹಾಗೆ ಉದುರಿತು. ಒಳಗೆ ನೀಲಿ. ಯಾವುದೋ ಕಾಲದಲ್ಲಿ ಜನರೇಟರ್ ಜೋಡಿಸಿದ ಗುತ್ತಿಗೆದಾರ ಆರ್ ಮತ್ತು ಬಿ ಅದಲುಬದಲು ಮಾಡಿ, ಮೇಲೆ ಬಣ್ಣದ ಟೇಪು ಸುತ್ತಿ ಹೋಗಿದ್ದ. ಆ ಬ್ಲಾಕಿನಲ್ಲಿ ಮೂರು ಫೇಸಿನ ಮೋಟಾರು ಒಂದೂ ಇಲ್ಲ. ಇದ್ದಿದ್ದರೆ ಉಲ್ಟಾ ತಿರುಗಿ ಅಂದೇ ಹೇಳಿಬಿಡುತ್ತಿತ್ತು.

ವೋಲ್ಟೇಜ್ ವೈರುಗಳನ್ನು ಸಿ.ಟಿ. ಕೂತಿರುವ ಬಸ್‌ಬಾರಿಗೇ, ಅಂದರೆ ಕರೆಂಟು ಹಂಚುವ ಲೋಹದ ಪಟ್ಟಿಗೇ, ಸ್ಥಳಾಂತರಿಸಿದೆವು. ಅಂದಿನಿಂದ ಸರಾಸರಿ 147. 190ರಲ್ಲಿ ಕಳೆದರೆ 43. ಕಾಗದದ ಮೇಲೆ ಫ್ಯಾನಿನ ಲೆಕ್ಕ ಹೇಳಿದ್ದೂ ಅದೇ 43! ಕಣ್ಣಲ್ಲಿ ನೀರು ಬಂತು ಎಂದರೆ ನಂಬಿ. ದಿನಕ್ಕೆ ಸುಮಾರು 30 ಕೆಜಿ ಕಾರ್ಬನ್ ಡೈಆಕ್ಸೈಡ್ ನಿಜಕ್ಕೂ ಉಳಿಯುತ್ತಿದೆ. ಫ್ಯಾನು ಒಳ್ಳೆಯದೇ, ಹಾಕಿಸಲಿ. ಆದರೆ ಎಲ್ಲ ದುಡ್ಡನ್ನೂ ಅದಕ್ಕೇ ಸುರಿಯುವ ಮೊದಲು ಗೀಸರಿನ ಕಡೆ ನೋಡಲೇಬೇಕು. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಗ್ರಾಫು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ತಾರಸಿಯ ಸೋಲಾರ್ ಹೀಟರಿನಿಂದ ಕೆಳಗಿನ ಮಹಡಿಗೆ ಬರುವ ಪೈಪು ಅಷ್ಟು ಉದ್ದ. ಎರಡು ಬಕೆಟ್ ತಣ್ಣೀರು ಹರಿದ ಮೇಲೆ ಬಿಸಿನೀರು ಬರುವುದಾದರೆ ಯಾರು ತಾನೇ ಸ್ವಿಚ್ ಹಾಕುವುದಿಲ್ಲ? ಆ ಪೈಪಿಗೆ ಸರಿಯಾದ ಹೊದಿಕೆಯೂ ಇಲ್ಲ. ಸಮಿತಿಗೆ ಎರಡು ಪುಟದ ತಿದ್ದುಪಡಿ ಕಳಿಸಿದ್ದೇನೆ, 94 ತಪ್ಪು ಎಂದು ಮೊದಲ ಸಾಲಿನಲ್ಲೇ ಬರೆದು.

ಆ ಪಂಪು ನೋಡುತ್ತಾ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ: ಟ್ಯಾಂಕಿನ ನೀರಿನ ಮಟ್ಟ ಅಳೆಯುವುದು. 1905ರಲ್ಲಿ ಬೆಂಗಳೂರಿಗೆ ಮೊದಲು ವಿದ್ಯುತ್ ಬಂದದ್ದು ಶಿವನಸಮುದ್ರದಲ್ಲಿ ಕಾವೇರಿ ಕೆಳಗೆ ಧುಮುಕಿದ್ದರಿಂದ. ಈಗ ಅದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿ ದಾಟಿಸಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಆ ಕಾವೇರಿಯನ್ನೇ ವಿದ್ಯುತ್ತಿನಿಂದ ಎತ್ತುತ್ತೇವೆ. ಸಾವಿರ ಲೀಟರನ್ನು 500 ಮೀಟರ್ ಎತ್ತಲು ಪಂಪು ಏನೂ ಪೋಲು ಮಾಡದಿದ್ದರೂ 1.36 ಯೂನಿಟ್ ಬೇಕು, ಅಂದರೆ ಹತ್ತಿರ ಹತ್ತಿರ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್. ನಮ್ಮ ಟ್ಯಾಂಕುಗಳು ವಾರಕ್ಕೆ ಎಷ್ಟು ಸಲ ತುಂಬಿ ಹರಿಯುತ್ತವೆ? ಮಟ್ಟವನ್ನು ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಬೆಗೆ, ಜೇಡರಬಲೆಗೆ ಸೋಲುತ್ತದೆ, ಪ್ರೆಶರ್ ಸೆನ್ಸರೇ ಬೇಕು. ಬಳಸಿದವರು ಯಾವುದು ಬಾಳಿಕೆ ಬಂತು ಎಂದು ತಿಳಿಸಿ. ಎಸ್.ಪಿ. ರೋಡಿನಲ್ಲಿ ಬೇರೆ ಅಂಗಡಿ ಹುಡುಕಿಕೊಂಡಿದ್ದೇನೆ.

ಭಾನುವಾರ ಸಂಜೆ ಬೋರ್ಡಿನ 94 ಅಳಿಸಿ 147 ಬರೆಯಲು ಹೋದಾಗ ಹುಡುಗಿಯರ ಮುಖ ಸಣ್ಣದಾಯಿತು. ಪಂಪಿನ ಕಥೆಯನ್ನು ಅದೇ ಮೆಟ್ಟಿಲ ಮೇಲೆ ಕೂತು ಚಾಕ್‌ಪೀಸಿನಲ್ಲಿ ಮೂರು ಬಾಣ ಬರೆದು ವಿವರಿಸಿದೆ. ಎರಡನೇ ವರ್ಷದ ಒಬ್ಬಳು ಕೇಳಿದಳು: ‘ಹಾಗಾದ್ರೆ ಒಂದನೇ ಬ್ಲಾಕಿನ 190 ಸರಿ ಅಂತ ಹೇಗೆ ಗೊತ್ತು ಮೇಡಂ?’ ಅಲ್ಲಿ ಗೀಸರು ಪೂರ್ತಿ 2000 ತೋರಿಸುವುದನ್ನು ಸೋಮವಾರ ಬೆಳಿಗ್ಗೆ ಅವಳನ್ನೇ ಕೂರಿಸಿ ತೋರಿಸಿದೆ. ಉಳಿದ ಏಳು ಪ್ಯಾನೆಲ್ಲುಗಳ ಸರದಿ ಬರುವ ಶನಿವಾರ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿಯುತ್ತಾರೆ, ಅವಳು ಪರದೆ ನೋಡಿ ಬರೆದುಕೊಳ್ಳುತ್ತಾಳೆ.