ಎರಡು ಹೊಸ ದೀಪ, ಅದೇ ಹಳೆಯ ಘಟ್ಟ

ಕಳೆದ ಬಾರಿ ಈ ಘಟ್ಟ ಇಳಿಯುವಾಗ ತಿರುವಿನ ಒಳಬದಿಯಲ್ಲಿ ಬಿದ್ದಿದ್ದ ಕಲ್ಲು ನನಗೆ ಕಂಡದ್ದು, ಮುಂದಿನ ಚಕ್ರ ಅದನ್ನು ಸವರಿಕೊಂಡು ಹೋಗುವ ಗಳಿಗೆಯಲ್ಲಿ. ಬೀಳಲಿಲ್ಲ. ಆದರೆ ಉಳಿದ ದಾರಿಯಷ್ಟೂ ಕೈ ನಡುಗುತ್ತಿತ್ತು. ವೇಗ ಹೆಚ್ಚಿರಲಿಲ್ಲ, ಹೆಡ್‌ಲೈಟೂ ಕೆಟ್ಟಿರಲಿಲ್ಲ. ಬೈಕು ತಿರುವಿಗೆ ವಾಲಿದಾಗ ಬೆಳಕೂ ಜೊತೆಗೆ ವಾಲುತ್ತದೆ. ನಾವು ಹೋಗಬೇಕಾದ ಒಳಬದಿ ಕತ್ತಲಲ್ಲೇ ಉಳಿದು, ಬೆಳಕೆಲ್ಲ ಹೊರಬದಿಯ ಪೊದೆಗಳ ಮೇಲೆ ಬೀಳುತ್ತದೆ. ಅದೇ ದಾರಿಯನ್ನು ಅದೇ ಕತ್ತಲಲ್ಲಿ ಇನ್ನೊಮ್ಮೆ, ಆದರೆ ಕಣ್ಣಿಗೆ ಕಾಣುವ ಹಾಗೆ ಹೋಗಬೇಕು ಅಂತ ಅವತ್ತೇ ನಿಶ್ಚಯಿಸಿದ್ದೆ.

ಹೊರಡುವ ಮೊದಲು ಎರಡು ವಾರ ಬೈಕಿನ ಪಕ್ಕದಲ್ಲೇ ಕೂತಿದ್ದೆ. ಮೊದಲು ನೋಡಿದ್ದು ಇದ್ದ ದೀಪವನ್ನೇ. ನನ್ನದು 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್ ಬಲ್ಬು. ಲೋ ಬೀಮ್‌ನಲ್ಲಿ ಸುಮಾರು 1000, ಹೈ ಬೀಮ್‌ನಲ್ಲಿ 1650 ಲ್ಯೂಮೆನ್ (ಬೆಳಕಿನ ಅಳತೆ) ಕೊಡಬೇಕು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿದ್ದಷ್ಟು ವೋಲ್ಟೇಜು ಬಲ್ಬಿನ ಹತ್ತಿರ ಇರಲಿಲ್ಲ. ಸಣ್ಣ ವೈರು, ಹಳೆಯ ಸ್ವಿಚ್ಚು ಒಂದಷ್ಟನ್ನು ದಾರಿಯಲ್ಲೇ ನುಂಗಿದ್ದವು. ತಂತಿಯ ಬಲ್ಬಿನಲ್ಲಿ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಹೋಗುತ್ತದೆ. ಹಾಗಾಗಿ ಹೆಡ್‌ಲೈಟಿಗೇ ಮೊದಲು ಒಂದು ರಿಲೇ ಹಾಕಿ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಸಾಧನ), ದಪ್ಪ ವೈರು ಎಳೆದೆ. ಹೊಸ ದೀಪ ಕೊಳ್ಳುವ ಮುಂಚೆ ಎಲ್ಲರೂ ಇದನ್ನೊಮ್ಮೆ ನೋಡಬೇಕು ಅನ್ನುವುದು ನನ್ನ ಕಳಕಳಿ.

ಆಮೇಲೆ ಬಂದವು ಆ ಎರಡು ಎಲ್‌ಇಡಿ ದೀಪಗಳು. ತಲಾ 20 ವ್ಯಾಟ್, ಅಗಲಕ್ಕೆ ಹರಡುವ ಬೆಳಕು, ಬಿಳಿ ಮತ್ತು ಹಳದಿ ಎರಡೂ ಬಣ್ಣ. ಲೆಗ್ ಗಾರ್ಡಿಗೆ, ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿದೆ. ಕೆಳಗಿನಿಂದ ಬರುವ ಬೆಳಕಿನಲ್ಲಿ ಗುಂಡಿಯ ಅಂಚಿಗೂ ಸಣ್ಣ ಕಲ್ಲಿಗೂ ಉದ್ದನೆಯ ನೆರಳು ಬೀಳುತ್ತದೆ, ಕಣ್ಣು ಆ ನೆರಳನ್ನೇ ಮೊದಲು ಹಿಡಿಯುತ್ತದೆ. ಎರಡೂ ಸೇರಿ ಎಳೆಯುವುದು ಸುಮಾರು 3 ಆಂಪಿಯರ್. ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸು, ಅಲ್ಲಿಂದ ಈ ದೀಪಗಳ ರಿಲೇಯ 30ನೇ ಪಿನ್ನಿಗೆ, 87ರಿಂದ ದೀಪಗಳಿಗೆ. ರಿಲೇಯನ್ನು ಕೆಲಸಕ್ಕೆ ಹಚ್ಚುವ 85 ಮತ್ತು 86ನೇ ಪಿನ್ನುಗಳಲ್ಲಿ ಒಂದು ಸ್ವಿಚ್ಚಿಗೆ, ಇನ್ನೊಂದು ಅರ್ಥಿಂಗಿಗೆ. ಸ್ವಿಚ್ಚಿಗೆ ಕರೆಂಟು ಪಾರ್ಕಿಂಗ್ ಲೈಟಿನ ವೈರಿನಿಂದ ತೆಗೆದೆ. ಕೀ ತೆಗೆದರೆ ದೀಪವೂ ಆರಿ, ಬ್ಯಾಟರಿ ಉಳಿಯುತ್ತದೆ.

ಸಂಜೆ ಹೊರಟೆವು. ಗೆಳೆಯ ಮುಂದೆ, ನಾನು ಹಿಂದೆ. ಬಯಲು ದಾರಿ. ಕತ್ತಲಾಗುತ್ತಿದ್ದಂತೆ ಸ್ವಿಚ್ಚು ಒತ್ತಿದೆ. ರಸ್ತೆ ಬೆಳ್ಳಗೆ ತೆರೆದುಕೊಂಡಿತು. ಆ ಖುಷಿ ಹತ್ತು ನಿಮಿಷ ಇತ್ತೋ ಇಲ್ಲವೋ, ಎದುರಿನ ಲಾರಿಯೊಂದು ಹೈ ಬೀಮ್ ಮಿಣುಕಿಸಿತು. ಇನ್ನೊಂದು ಕಾರು. ಮತ್ತೊಂದು. ನಾನು ಡಿಪ್‌ನಲ್ಲೇ ಇದ್ದೆ. ಅಷ್ಟರಲ್ಲಿ ಗೆಳೆಯ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿದ.

"ಲೇ, ನನ್ನ ಕನ್ನಡೀಲಿ ನಿನ್ನ ದೀಪ ಬಿಟ್ರೆ ಏನೂ ಕಾಣ್ತಿಲ್ಲ ಕಣೋ. ರಸ್ತೆ ನೋಡ್ಲೋ, ಕಣ್ಣು ಮುಚ್ಕೊಳ್ಲೋ?"

ಮನೆಯಲ್ಲಿ ಗೋಡೆಗೆ ಹಿಡಿದು ಸರಿಯಾಗಿಯೇ ಕೂರಿಸಿದ್ದೆನಲ್ಲ ಎಂದು ಯೋಚಿಸಿದಾಗ ಹೊಳೆಯಿತು: ಅವತ್ತು ಬೈಕು ಖಾಲಿ ಇತ್ತು. ಈಗ ಹಿಂದೆ ಎರಡೂ ಕಡೆ ತುಂಬಿದ ಬ್ಯಾಗು. ಆ ಭಾರಕ್ಕೆ ಹಿಂಭಾಗ 3 ಸೆಂಟಿಮೀಟರ್ ತಗ್ಗಿದರೂ, ಚಕ್ರಗಳ ನಡುವೆ 1.4 ಮೀಟರ್ ಇರುವ ಬೈಕಿನಲ್ಲಿ, ಬೆಳಕು 10 ಮೀಟರ್ ದೂರದಲ್ಲಿ 21 ಸೆಂಟಿಮೀಟರ್ ಮೇಲೇಳುತ್ತದೆ. 50 ಮೀಟರ್ ದೂರದಲ್ಲಿ ಒಂದು ಮೀಟರಿಗೂ ಹೆಚ್ಚು. ಅದು ನೇರವಾಗಿ ಎದುರಿನವರ ಕಣ್ಣಿನ ಎತ್ತರ. ನನಗೆ ದಾರಿ ಕಾಣಲೆಂದು ಹಾಕಿಕೊಂಡ ಬೆಳಕು ಅಷ್ಟು ಜನರನ್ನು ಕೆಲವು ಕ್ಷಣ ಕುರುಡು ಮಾಡಿತ್ತು. ಅವರಲ್ಲಿ ಒಬ್ಬರು ತಡವರಿಸಿ ನನ್ನ ಕಡೆಗೇ ಬಂದಿದ್ದರೆ? ನಿಜಕ್ಕೂ ಸಂಕಟವಾಯಿತು.

ಮುಂದೆ ಸಿಕ್ಕ ಪೆಟ್ರೋಲ್ ಬಂಕಿನ ಕಾಂಪೌಂಡ್ ಗೋಡೆಯೇ ನಮ್ಮ ವರ್ಕ್‌ಶಾಪು. ಸಮತಟ್ಟಾದ ಜಾಗ, ಗೋಡೆಗೆ 10 ಮೀಟರ್ ದೂರ. ಲಗೇಜು ಇಳಿಸದೆ, ಹೆಲ್ಮೆಟ್ಟೂ ತೆಗೆಯದೆ ಸೀಟಿನ ಮೇಲೆ ಕೂತೆ. ದೀಪದ ಎತ್ತರಕ್ಕೆ ಗೋಡೆಯ ಮೇಲೆ ಟೇಪು ಅಂಟಿಸಿ, ಬೆಳಕಿನ ಮೇಲಂಚು ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವ ತನಕ ಗೆಳೆಯ ಅಲೆನ್ ಕೀ ಹಿಡಿದು ಒಂದೊಂದೇ ದೀಪ ಬಗ್ಗಿಸಿದ. ಹೆಡ್‌ಲೈಟನ್ನೂ ಹಾಗೆಯೇ ಇಳಿಸಿದೆವು.

ಅವನು ಮೊದಲ ಸಲ ತೀರಾ ಬಗ್ಗಿಸಿಬಿಟ್ಟಿದ್ದ. ಚಕ್ರದ ಮುಂದಿನ ನೆಲ ಹಗಲಿನಂತೆ ಕಾಣುತ್ತಿತ್ತು, ಅದರಾಚೆ ಮಾತ್ರ ಮೊದಲಿಗಿಂತ ಕಗ್ಗತ್ತಲು. ಹತ್ತಿರದ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಮಂಕು ವಸ್ತು ಕಾಣಿಸುವುದಿಲ್ಲ. 80 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕು ಹಿಡಿದರೂ ನಿಲ್ಲಲು ಇನ್ನೊಂದು 35. ಹತ್ತು ಮೀಟರಿನ ಹಗಲು ಇಟ್ಟುಕೊಂಡು ಏನು ಮಾಡುವುದು? ಮತ್ತೆ ಸರಿಮಾಡಿದೆವು. ನಂತರದ ಬಯಲಿನಲ್ಲಿ ಯಾರೂ ಮಿಣುಕಿಸಲಿಲ್ಲ. ಮೇಲೊಂದು, ಕೆಳಗೆರಡು ದೀಪ ತ್ರಿಕೋನವಾಗಿ ಕಂಡರೆ ಎದುರಿನವರಿಗೆ ನಮ್ಮ ದೂರ, ವೇಗ ಚೆನ್ನಾಗಿ ಅಂದಾಜಾಗುತ್ತದೆ. ಒಂಟಿ ದೀಪದಲ್ಲಿ ಅದು ಕಷ್ಟ.

ಘಟ್ಟದ ತಲೆಗೆ ಮುಟ್ಟಿದಾಗ ನಡುರಾತ್ರಿ ದಾಟಿತ್ತು. ಮಂಜು. ಹೈ ಬೀಮ್ ಹಾಕಿ ನೋಡಿದೆ, ಎದುರಿಗೆ ಬಿಳಿ ಗೋಡೆ ಎದ್ದು ನಿಂತಿತು. ನೀರಿನ ಕಣಗಳು ಬೆಳಕನ್ನು ನನ್ನ ಕಣ್ಣಿಗೇ ತಿರುಗಿಸುತ್ತಿದ್ದವು. ಲೋ ಬೀಮ್‌ಗೆ ಇಳಿಸಿ, ಕೆಳಗಿನ ದೀಪಗಳನ್ನು ಹಳದಿಗೆ ಬದಲಿಸಿದೆ. ಹಳದಿ ಬಣ್ಣ ಮಂಜನ್ನು ಸೀಳುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ, ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ನೀಲಿ ಬೆರೆತ ಬಿಳಿ ಬೆಳಕಿನಷ್ಟು ಅದು ಕಣ್ಣು ಕುಕ್ಕುವುದಿಲ್ಲ, ಅಷ್ಟೆ. ನನಗೆ ದಾರಿ ತೋರಿಸಿದ್ದು ಹೆಚ್ಚಾಗಿ ದೀಪ ತಗ್ಗಿನಲ್ಲಿದ್ದದ್ದು. ರಸ್ತೆಯಂಚಿನ ಬಿಳಿ ಗೆರೆ ಹಿಡಿದು, 20ರ ವೇಗದಲ್ಲಿ, ಮಾತಿಲ್ಲದೆ ಇಳಿದೆವು.

ಅರ್ಧ ಘಟ್ಟ ಇಳಿದ ಮೇಲೆ ಮಂಜು ಹರಿಯಿತು. ಈಗ ನಾನು ಮುಂದೆ. ಬೈಕು ವಾಲಿದಾಗಲೂ ಅಗಲದ ಬೆಳಕು ತಿರುವಿನ ಒಳಬದಿಯನ್ನು ಬಿಡಲಿಲ್ಲ. ತಡೆಗೋಡೆಯ ಬುಡ, ಪಾಚಿ, ಚರಂಡಿಯ ಬಾಯಿ, ಎಲ್ಲ ಒಂದೊಂದಾಗಿ ಬಂದು ಹೋದವು. ಆ ತಿರುವೂ ಬಂತು. ಕಲ್ಲು ಇರಲಿಲ್ಲ. ಅದೇ ಜಾಗದಲ್ಲಿ ಮಳೆನೀರು ಜಲ್ಲಿ ತಂದು ಹರಡಿತ್ತು, ಒಂದೊಂದು ಹರಳಿಗೂ ಒಂದೊಂದು ನೆರಳು. ವಾಲುವ ಮೊದಲೇ ಕಂಡದ್ದರಿಂದ ವೇಗ ಇಳಿಸಿ, ನನ್ನ ಲೇನಿನೊಳಗೇ ಸ್ವಲ್ಪ ಸರಿದು ದಾಟಿದೆ. ಹಿಂದೆ ಬರುತ್ತಿದ್ದವನಿಗೆ ಬ್ರೇಕ್ ಲೈಟು ಎರಡು ಸಲ ಮಿಣುಕಿಸಿದೆ.

ಘಟ್ಟದ ಬುಡದಲ್ಲಿ ಬೆಳಗಾಯಿತು. ಬೈಕು ನಿಲ್ಲಿಸಿ ನೋಡಿದರೆ ಎಡಗಡೆಯ ಕ್ಲ್ಯಾಂಪಿನ ಬೋಲ್ಟು ಅರ್ಧ ಸುತ್ತು ಸಡಿಲವಾಗಿ, ದೀಪ ಕೊಂಚ ಬಾಗಿತ್ತು. ಬಿಗಿ ಮಾಡಿದೆ. ಗೆಳೆಯ ಗಾಜಿನ ಮೇಲಿನ ಕೆಸರು ಒರೆಸುತ್ತಾ, ರಿಲೇ ಎಲ್ಲಿ ಕೂರಿಸಿದ್ದೀಯಾ ಎಂದು ಕೇಳಿದ. ಸೀಟು ಎತ್ತಿ ತೋರಿಸಿದೆ.