ಚೀಟಿ ಓದ್ಲಾ

ಛತ್ರಿ ಮೇಷ್ಟ್ರು ಹೋಗಿಬಿಟ್ಟರು. ಹನ್ನೊಂದನೇ ದಿನದ ತಿಥಿಗೆ ಮಂಡ್ಯಕ್ಕೆ ಹೋಗಿದ್ದೆ. ನಮ್ಮ 1975ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಒಂಬತ್ತು ಜನ ಸಿಕ್ಕರು. ಮೇಷ್ಟ್ರು ಏನೇನು ಪಾಠ ಮಾಡಿದರೋ ಒಬ್ಬರಿಗೂ ನೆನಪಿಲ್ಲ. ಕಬ್ಬಿನ ಲೆಕ್ಕ ಮಾತ್ರ ಎಲ್ಲರಿಗೂ ಬಾಯಿಪಾಠ.

ಆಗ ಕಬ್ಬು ಅರೆಯೋ ಕಾಲ ಬಂತೆಂದರೆ ಮೈಷುಗರ್ ಸಕ್ಕರೆ ಕಾರ್ಖಾನೆ ಕಡೆ ಎತ್ತಿನ ಗಾಡಿಗಳ ಸಾಲು. ಗಾಡಿಯವನು ತೂಕಡಿಸುತ್ತಿದ್ದರೆ ಹಿಂದಿನಿಂದ ಜಲ್ಲೆ ಎಳೆಯೋದು ನಮ್ಮ ಕೆಲಸ. ಒಂದು ದಿನ ನಾಲ್ಕು ಜನ ಸಿಕ್ಕಿಬಿದ್ದೆವು. ಬೆತ್ತ ಬೀಳುತ್ತೆ ಅಂತ ಅಂಗೈ ಉಜ್ಜಿಕೊಂಡು ನಿಂತರೆ, ಮೇಷ್ಟ್ರು ಎದುರಿನ ದಿನಸಿ ಅಂಗಡಿಯಿಂದ ತಕ್ಕಡಿ ತರಿಸಿದರು! ಅಗಿಯದೆ ಉಳಿದಿದ್ದ ಒಂದು ಜಲ್ಲೆ ತೂಗಿಸಿದರು. ಒಂದೂವರೆ ಕೆಜಿ.

“ದಿನಕ್ಕೆ ನೂರು ಗಾಡಿ ಅಂದ್ಕೊ. ಗಾಡಿಗೆ ಎರಡು ಜಲ್ಲೆ ಎಳುದ್ರೆ ನೂರು ದಿನಕ್ಕೆ ಎಷ್ಟಾಯ್ತದೆ ಹೇಳ್ಲಾ?”

ಬೋರ್ಡಿನ ಮೇಲೆ ನಾನೇ ಮಾಡಿದೆ. (ಲೆಕ್ಕದಲ್ಲಿ ನಾನೇ ಮುಂದೆ, ಹೇಳಿಕೊಳ್ಳಬಾರದು.) 30 ಟನ್. ಕ್ಲಾಸು ಗಪ್‌ಚುಪ್. “ನೀನು ಎಳುದಿದ್ದು ನಿಮ್ಮ ಸೋದರಮಾವನ ಗಾಡಿ ಕಣ್ಲಾ” ಅಂದರು ಮೇಷ್ಟ್ರು.

ಮಾರನೇ ವಾರ ಎಲ್ಲರೂ ಮನೆಯಿಂದ ಕಾರ್ಖಾನೆಯವರು ಕೊಟ್ಟ ಕಬ್ಬಿನ ತೂಕದ ಚೀಟಿ ತರಬೇಕಾಯಿತು. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯದು ಕಳೆ, ದರದಿಂದ ಗುಣಿಸು, ಸಾಲಕ್ಕೆ ಹಿಡಿದಿದ್ದು ಕಳೆ, ಕೈಗೆಷ್ಟು? ಕೊನೆಗೆ ಒಂದೇ ಮಾತು: “ಓದ್ದೆ ರುಜು ಹಾಕ್ಬ್ಯಾಡ್ರಲಾ.” ನಮ್ಮಪ್ಪ ಹೆಬ್ಬೆಟ್ಟಿನವರು. ಅದುವರೆಗೆ ಚೀಟಿಯನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಡುತ್ತಿದ್ದರು, ಅಷ್ಟೆ. ಆ ರಾತ್ರಿ ಬುಡ್ಡಿ ದೀಪದಲ್ಲಿ ನಾನು ಓದಿ ಹೇಳಿದೆ. ಮುಂದೆ ಬ್ಯಾಂಕ್ ಮ್ಯಾನೇಜರ್ ಆದಾಗಲೂ ಒಂದು ಕಾಗದವನ್ನೂ ಓದದೆ ಬಿಟ್ಟವನಲ್ಲ.

ಈಗ ನನ್ನ ಮೊಮ್ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 612. ಚಕ್ರಬಡ್ಡಿ ಲೆಕ್ಕ ಕಣ್ಮುಚ್ಚಿಕೊಂಡು ಮಾಡುತ್ತಾಳೆ. ಅವಳಪ್ಪನ ಕಾರಿನ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಕೇಳಿದರೆ “ಅದು ಪರೀಕ್ಷೆಗೆ ಬರಲ್ಲ ತಾತ” ಅನ್ನುತ್ತಾಳೆ. ಮೇಷ್ಟ್ರುಗಳನ್ನು ಬೈದು ಏನು ಪ್ರಯೋಜನ? ಚುನಾವಣೆ ಕೆಲಸ, ಗಣತಿ, ಮೊಟ್ಟೆ ಲೆಕ್ಕ. ಜಲ್ಲೆ ತೂಗಿಸೋಕೆ ಅವರಿಗೆ ಪುರುಸೊತ್ತೆಲ್ಲಿ?

ಆದರೆ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಮೂರು ವರ್ಷದ ಹಿಂದೆ ಹಳೇ ಸೋಫಾ ಮಾರಾಟಕ್ಕೆ ಇಟ್ಟಿದ್ದೆ. ಕೊಳ್ಳುತ್ತೇನೆ ಅಂದವನು ಫೋನ್ ಮಾಡಿ “ದುಡ್ಡು ಕಳಿಸ್ತಿದೀನಿ, ಪಿನ್ ಹಾಕಿ ಸಾರ್” ಅಂದ. ಹಾಕೋಕೆ ಹೊರಟಿದ್ದೆ. ಮೊಮ್ಮಗಳು ಫೋನು ಕಿತ್ತುಕೊಂಡಳು. “ದುಡ್ಡು ತಗೊಳ್ಳೋಕೆ ಪಿನ್ ಯಾಕೆ ತಾತ? ಹಾಕಿದ್ರೆ ಹೋಗುತ್ತೆ!” ಸ್ಕ್ರೀನಿನ ಮೇಲೆ ಬರೆದೇ ಇತ್ತು. ಮ್ಯಾನೇಜರ್ ಸಾಹೇಬರು ಓದಿರಲಿಲ್ಲ. ಸ್ಕೂಲಲ್ಲಿ ಹೇಳಿಕೊಟ್ಟರಾ ಅಂತ ಕೇಳಿದೆ. ಇಲ್ಲವಂತೆ, ಗೆಳತಿಯ ಅಮ್ಮ ಹೀಗೇ ಕಳಕೊಂಡಿದ್ದರಂತೆ.

ತಿಥಿ ದಿನ ಮೇಷ್ಟ್ರ ಹೆಸರಲ್ಲಿ ಒಂದು ಬಹುಮಾನ ಇಡೋಣ ಅಂತ ದುಡ್ಡು ಸೇರಿಸಿದೆವು. ಪಟ್ಟಿ ಕೈಯಿಂದ ಕೈಗೆ ಬಂತು. ಒಬ್ಬರೂ ಸುಮ್ನೆ ರುಜು ಹಾಕಲಿಲ್ಲ. ಕನ್ನಡಕ ಏರಿಸಿ ಓದಿದರು, ಕೂಡಿದರು. 500 ರೂಪಾಯಿ ಜಾಸ್ತಿ ಬರೆದಿತ್ತು. ಮತ್ತೆ ಮೊದಲಿಂದ ಕೂಡಿ ಎಲೆ ಮುಂದೆ ಕೂರೋಷ್ಟರಲ್ಲಿ ಮೂರು ಗಂಟೆ.