ಆಷಾಢದಲ್ಲಿ ಹಿಂದಿರುಗಿದವರು

ಬೆಂಗಳೂರಿನ ಕಲಾಸಿಪಾಳ್ಯದ ಆಸುಪಾಸಿನಲ್ಲಿ ವಸತಿರಹಿತ ಗಂಡಸರ ಆಶ್ರಯ ಕೇಂದ್ರವೊಂದನ್ನು ನಡೆಸುವ ಹೊಣೆ ನಮ್ಮ ಚಿಕ್ಕ ಸಂಸ್ಥೆಗೆ ಬಂದಾಗ, ನಾವು ತೆರೆದ ಮೊದಲ ದಾಖಲೆಯೆಂದರೆ ಹಾಜರಿ ಪುಸ್ತಕ. ನಿನ್ನೆ ರಾತ್ರಿ ಎಷ್ಟು ಮಂದಿ ಮಲಗಿದರು, ಎಷ್ಟು ಹಾಸಿಗೆ ಖಾಲಿ ಉಳಿದವು ಎಂಬುದೇ ಅಧಿಕಾರಿಗಳಿಗೂ ಬೇಕಿತ್ತು, ದಾನಿಗಳಿಗೂ ಬೇಕಿತ್ತು. ಮಲಗಿದ್ದವರು ಮುಂದೆ ಎಲ್ಲಿಗೆ ಹೋದರೆಂದು ಯಾರೂ ಕೇಳಲಿಲ್ಲ; ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ನಾನೂ ಕೇಳಿಕೊಳ್ಳಲಿಲ್ಲ.

ಹಾಸಿಗೆಯ ಲೆಕ್ಕಕ್ಕೆ ಒಂದು ಹಿನ್ನೆಲೆಯಿದೆ. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ತಂಗುದಾಣವನ್ನು ಕೆಡವಿದ ಸಂಗತಿ ಸುಪ್ರೀಂ ಕೋರ್ಟಿನ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಪ್ರಸ್ತಾಪವಾಗಿ, ಅದರಿಂದ ಹೊರಟ ಆದೇಶಗಳು 1 ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕು, ಅದು ವರ್ಷವಿಡೀ ತೆರೆದಿರಬೇಕು ಎಂದವು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಅದಕ್ಕೆ 100 ಮಂದಿಯ ಸಾಮರ್ಥ್ಯವನ್ನೂ ತಲೆಗೆ 50 ಚದರ ಅಡಿ ಜಾಗವನ್ನೂ ಸೇರಿಸಿತು. 2011ರ ಜನಗಣತಿಯಂತೆ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿದ್ದವರು ಸುಮಾರು 84 ಲಕ್ಷ ಮಂದಿ. ಆ ಲೆಕ್ಕಕ್ಕೆ 84 ಕೇಂದ್ರಗಳಾದರೂ ಬೇಕು, ಇರುವುದು ಅದಕ್ಕಿಂತ ಬಹಳ ಕಡಿಮೆ. ದೇಶದ ನಗರಗಳಲ್ಲಿ 9.38 ಲಕ್ಷ ವಸತಿರಹಿತರಿದ್ದಾರೆ ಎಂದ ಅದೇ ಗಣತಿ, ಅವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ. ಆ ರಾತ್ರಿ ಯಾವುದೋ ಛತ್ರದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ಮಲಗಿದ್ದವರು ಎಣಿಕೆಗೆ ಸಿಕ್ಕಿರಲಾರರು ಎಂಬುದು ನನ್ನ ಗುಮಾನಿ.

ಛತ್ರದ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಭಿಕ್ಷೆ ಬೇಡುವವರು ಬೆರಳೆಣಿಕೆಯಷ್ಟು. ಮಾರ್ಕೆಟ್ಟಿನ ಹಮಾಲಿಗಳು, ಗಾರೆ ಕೆಲಸದವರು, ಚಿಂದಿ ಆಯುವವರು ಮತ್ತು ಎಲ್ಲರಿಗಿಂತ ಹೆಚ್ಚಾಗಿ ಮದುವೆಮನೆಗಳಲ್ಲಿ ತರಕಾರಿ ಹೆಚ್ಚುವ, ಬಡಿಸುವ, ಪಾತ್ರೆ ತೊಳೆಯುವ ಕ್ಯಾಟರಿಂಗ್ ಕೆಲಸದವರು. ಮುಹೂರ್ತಗಳಿರುವ ತಿಂಗಳಲ್ಲಿ ಅವರಿಗೆ ಊಟ, ಕೂಲಿ, ಮಲಗಲು ಛತ್ರದ ಮೂಲೆ ಎಲ್ಲವೂ ಇರುತ್ತವೆ. ಆಷಾಢ ಮತ್ತು ಧನುರ್ಮಾಸ ಬಂತೆಂದರೆ ಮೂರೂ ಒಟ್ಟಿಗೆ ಹೋಗುತ್ತವೆ. ನಮ್ಮ ಕೇಂದ್ರ ತುಂಬುವುದು ಚಳಿಗೋ ಮಳೆಗೋ ಎಂದು ಹೊರಗಿನವರು ತಿಳಿದಿದ್ದಾರೆ; ನಾನು ಈಗ ಪಂಚಾಂಗ ನೋಡುತ್ತೇನೆ.

ಬೀದಿಯಲ್ಲಿ ಮಲಗಿದವರಿಂದ ಮೊದಲು ಕಳವಾಗುವುದು ಮೊಬೈಲು. ಅದರೊಡನೆ ಸಿಮ್ ಹೋಗುತ್ತದೆ, ಸಿಮ್ ಜೊತೆಗೆ ಒಟಿಪಿ ಹೋಗುತ್ತದೆ, ಒಟಿಪಿ ಇಲ್ಲದೆ ಆಧಾರ್ ಇದ್ದೂ ಇಲ್ಲದಂತಾಗುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ನೋಂದಣಿಗೆ ಒಪ್ಪುತ್ತಾರೆ ಎಂಬುದು ನನಗೆ ತಿಳಿದದ್ದೇ ತಡವಾಗಿ. ನಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬಹುಶಃ ಆ ಸಹಿಯೇ. ಎರಡನೆಯದು, ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಗಳು.

ಎರಡನೆಯ ವರ್ಷ ಮೂವರು ಅಡುಗೆ ಸಹಾಯಕರು ಒಟ್ಟಿಗೆ ಒಂದು ಶೀಟಿನ ಮನೆ ಹಿಡಿಯುವ ಆಸೆ ಹೇಳಿಕೊಂಡರು. ಬಾಡಿಗೆ ಕಟ್ಟುವಷ್ಟು ದುಡಿಮೆ ಅವರಿಗಿತ್ತು. ಈ ಊರಿನಲ್ಲಿ ಮನೆ ಸಿಗದಂತೆ ಮಾಡುವುದು ಅಡ್ವಾನ್ಸು. ದಾನಿಗಳಿಂದ ಅದನ್ನು ಹೊಂದಿಸಿದೆವು, ಹಾಲು ಉಕ್ಕಿಸಿದೆವು, ಫೋಟೋ ತೆಗೆದು ವಾರ್ಷಿಕ ವರದಿಯಲ್ಲಿ ‘ಮೂವರಿಗೆ ಪುನರ್ವಸತಿ’ ಎಂದು ಅಚ್ಚು ಹಾಕಿಸಿದೆವು. ಆಷಾಢ ಬಂತು. ಕೂಲಿ ನಿಂತಿತು, ಬಾಡಿಗೆ ಬಾಕಿ ಬಿತ್ತು, ಮನೆಯ ಒಡೆಯರು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಒಂದು ಸಂಜೆ ಅವರಲ್ಲಿ ಹಿರಿಯರು ಚೀಲ ಹಿಡಿದು ಬಾಗಿಲಲ್ಲಿ ನಿಂತು, “ಮೇಡಂ, ಹಾಸಿಗೆ ಐತಾ?” ಎಂದರು. ಉಳಿದಿಬ್ಬರು ನಾಚಿಕೆಯಿಂದ ಒಂದು ವಾರ ತಡೆದು ಬಂದರು. ತಪ್ಪು ಅವರದ್ದಲ್ಲ. ಪಂಚಾಂಗ ಅವರ ದುಡಿಮೆಯನ್ನು ಹೇಗೆ ಆಳುತ್ತದೆಂದು ಕಣ್ಣಾರೆ ಕಂಡಿದ್ದೂ, ಬಾಡಿಗೆ ವರ್ಷಕ್ಕೆ ಹನ್ನೆರಡು ತಿಂಗಳೂ ಬರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವಳು ನಾನು.

ನ್ಯೂಯಾರ್ಕಿನಲ್ಲಿ 1990ರಲ್ಲಿ ಕಾಮನ್ ಗ್ರೌಂಡ್ ಎಂಬ ಸಂಸ್ಥೆ ಕಟ್ಟಿ, ಟೈಮ್ಸ್ ಸ್ಕ್ವೇರ್ ಬಳಿಯ ಪಾಳುಬಿದ್ದ ಹೋಟೆಲೊಂದನ್ನು 652 ವಾಸದ ಕೋಣೆಗಳಾಗಿ ಪರಿವರ್ತಿಸಿದ ರೊಸಾನ್ ಹ್ಯಾಗರ್ಟಿ, ಅಷ್ಟಾದರೂ ಸುತ್ತಲಿನ ಬೀದಿಗಳಲ್ಲಿ ಜನ ಮಲಗುವುದು ನಿಲ್ಲದ್ದನ್ನು ಕಂಡು, ಅಲ್ಲಿರುವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಗುರುತಿಸುವ ದಾರಿ ಹಿಡಿದರು. ಅವರ ದೇಶದ ಬಾಡಿಗೆ ನೆರವಿನ ವ್ಯವಸ್ಥೆ ನಮ್ಮಲ್ಲಿಲ್ಲ. ಹಾಗಾಗಿ ಅವರ ಯೋಜನೆಯನ್ನು ಇಲ್ಲಿಗೆ ಎತ್ತಿ ತರಲಾಗದು. ಆದರೆ ಹೆಸರಿನ ಪಟ್ಟಿಗೆ ಖರ್ಚಿಲ್ಲ. ನಾವೀಗ ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟಿದ್ದೇವೆ. ಕೇಂದ್ರ ಬಿಟ್ಟು ಹೋದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಪುಟ; ಮೂರು, ಆರು, ಹನ್ನೆರಡು ತಿಂಗಳಿಗೆ ಒಮ್ಮೊಮ್ಮೆ ಫೋನು. ಹನ್ನೆರಡನೆಯ ತಿಂಗಳ ಸಾಲು ತುಂಬುವವರೆಗೆ ವರದಿಯಲ್ಲಿ ‘ಪುನರ್ವಸತಿ’ ಎಂಬ ಪದ ಬಳಸುವುದಿಲ್ಲ. ಇದರಿಂದ ನಮ್ಮ ಅಂಕಿಗಳು ಸೊರಗಿ, ಬೇರೆ ಸಂಸ್ಥೆಗಳ ಮುಂದೆ ನಾವು ಕೈಲಾಗದವರಂತೆ ಕಾಣುತ್ತಿದ್ದೇವೆ.

ಆ ಮೂವರಲ್ಲಿ ಇಬ್ಬರು ಮತ್ತೆ ಬೇರೆ ಮನೆ ಹಿಡಿದಿದ್ದಾರೆ; ಒಬ್ಬರ ಫೋನು ಸ್ವಿಚ್ ಆಫ್ ಬರುತ್ತಿದೆ, ಪುಟ ತೆರೆದೇ ಇದೆ. ಆಷಾಢಕ್ಕೆ ಮೊದಲೇ ತಿಂಗಳೆರಡರ ಬಾಡಿಗೆಯನ್ನು ಸಾಲವಾಗಿ ಕೊಡಲೊಂದು ನಿಧಿ ಬೇಕೆಂದು ದಾನಿಯೊಬ್ಬರನ್ನು ಕೇಳಿದೆ. ಹಾಸಿಗೆ, ಹೊದಿಕೆ ಎಷ್ಟು ಬೇಕಾದರೂ ಕೊಡಿಸುತ್ತೇನೆ, ಬಾಡಿಗೆ ಮಾತ್ರ ಬೇಡ ಎಂದರು. ಮುಂದಿನ ವಾರ ಇನ್ನೊಮ್ಮೆ ಹೋಗಿ ಕೇಳುವವಳಿದ್ದೇನೆ, ಈ ಸಲ ಪುಸ್ತಕವನ್ನೂ ಜೊತೆಗೆ ಹಿಡಿದು.